ಕೆಲಸ ಬಿಡದೆ ಸೇಫ್ಟಿ ಓದು: ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸ್ನಾತಕೋತ್ತರ ಕೋರ್ಸ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಮಷಿನ್ ಶಾಪ್ ಇರಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರಲಿ, ಜುಬೈಲ್‌ನ ರಿಫೈನರಿ ಇರಲಿ, ಕೆಲಸದಲ್ಲಿದ್ದುಕೊಂಡೇ ಸೇಫ್ಟಿ ಓದಬೇಕೆಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಮೊದಲ ಕೆಲವು ಪ್ರಶ್ನೆಗಳನ್ನು ಶುಲ್ಕ ಕಟ್ಟುವ ಮುಂಚೆ ಓದಿ. ಉಳಿದವು ಸೇರಿದ ಮೇಲೆ ಬೇಕಾಗುತ್ತವೆ.

ಎಂ.ಟೆಕ್, ಪಿ.ಜಿ. ಡಿಪ್ಲೊಮಾ, ಎಡಿಐಎಸ್, ನೆಬಾಷ್: ಯಾವುದಕ್ಕೆ ಸೇರಲಿ?

ಮುಂದೆ ಯಾವ ಕುರ್ಚಿಯಲ್ಲಿ ಕೂರಬೇಕೆಂದಿದ್ದೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಭಾರತದ ಕಾರ್ಖಾನೆಯಲ್ಲಿ ಕಾನೂನು ಒಪ್ಪುವ ಸೇಫ್ಟಿ ಆಫೀಸರ್ ಆಗಬೇಕಾದರೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ ಬೇಕೇ ಬೇಕು. ಇದಕ್ಕೆ ಬಹಳ ಜನ ಹಿಡಿಯುವ ದಾರಿ ಅಡ್ವಾನ್ಸ್ಡ್ ಡಿಪ್ಲೊಮಾ ಇನ್ ಇಂಡಸ್ಟ್ರಿಯಲ್ ಸೇಫ್ಟಿ, ಅಂದರೆ ಎಡಿಐಎಸ್. ಕೇಂದ್ರ ಕಾರ್ಮಿಕ ಸಚಿವಾಲಯದ ಕೆಳಗೆ ಬರುವ ಮುಂಬೈ ಸಯನ್‌ನ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಮತ್ತು ಚೆನ್ನೈ, ಕೋಲ್ಕತ್ತ, ಕಾನ್ಪುರ, ಫರೀದಾಬಾದ್‌ಗಳ ರೀಜನಲ್ ಲೇಬರ್ ಇನ್‌ಸ್ಟಿಟ್ಯೂಟ್‌ಗಳ ಹೆಸರು ಈ ಕೋರ್ಸಿಗೆ ಅಂಟಿಕೊಂಡೇ ಬಂದಿದೆ. ನಮ್ಮ ಕಡೆಯವರಿಗೆ ಹತ್ತಿರ ಚೆನ್ನೈ, ಇಲ್ಲವೇ ಮುಂಬೈ.

ವಿನ್ಯಾಸ, ಸಂಶೋಧನೆ, ಪಾಠ ಹೇಳುವುದು, ದೊಡ್ಡ ಕಂಪನಿಯ ಪ್ರಾಸೆಸ್ ಸೇಫ್ಟಿ ವಿಭಾಗ ಅಂತಾದರೆ ಎಂ.ಟೆಕ್. ತಿರುಚಿರಾಪಳ್ಳಿಯ ಎನ್‌ಐಟಿಯಲ್ಲಿ ಇಂಡಸ್ಟ್ರಿಯಲ್ ಸೇಫ್ಟಿ ಎಂಜಿನಿಯರಿಂಗ್ ಎಂ.ಟೆಕ್ ಇದೆ. ಅದು ಗೇಟ್ ಬರೆದು ಸೇರುವ ಪೂರ್ಣಾವಧಿ ಓದು. ಕಂಪನಿ ರಜೆ ಕೊಟ್ಟು ಕಳಿಸದಿದ್ದರೆ ಕೆಲಸದ ಜೊತೆ ನಡೆಯುವಂಥದ್ದಲ್ಲ.

ಗಲ್ಫ್ ಕಡೆ ಕಣ್ಣಿದ್ದರೆ ನೆಬಾಷ್, ಅಂದರೆ ಸೇಫ್ಟಿ ಪರೀಕ್ಷೆಗಳನ್ನು ನಡೆಸುವ ಬ್ರಿಟನ್ನಿನ ಮಂಡಳಿ. ಅದರ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್ ಬಾಗಿಲು ತೆರೆಯುತ್ತದೆ, ಇಂಟರ್‌ನ್ಯಾಷನಲ್ ಡಿಪ್ಲೊಮಾ ಮೇಲಿನ ಹುದ್ದೆಗೆ ಬೇಕಾಗುತ್ತದೆ. ಡಿಪ್ಲೊಮಾ ಇರುವುದು ಬ್ರಿಟನ್ನಿನ ಲೆಕ್ಕದಲ್ಲಿ 6ನೇ ಹಂತದಲ್ಲಿ, ಅಂದರೆ ಪದವಿಯ ಕೊನೆಯ ವರ್ಷಕ್ಕೆ ಸಮ. ‘ಇದೇ ಸ್ನಾತಕೋತ್ತರ’ ಎಂದು ಯಾರಾದರೂ ಮಾರಿದರೆ ನಂಬಬೇಡಿ. ಎಂ.ಎಸ್ಸಿ. ಇರುವುದು 7ನೇ ಹಂತದಲ್ಲಿ.

ಸೇಫ್ಟಿ ಆಫೀಸರ್ ಆಗಲು ಕೋರ್ಸ್ ಒಂದೇ ಸಾಕೇ?

ಸಾಲದು. ಮಾದರಿ ಕಾರ್ಖಾನೆ ನಿಯಮಗಳು ಮೂರು ಕಾಲಿನ ಮೇಲೆ ನಿಂತಿವೆ. ಒಂದು, ಮೂಲ ಓದು ಮತ್ತು ಅನುಭವ: ಎಂಜಿನಿಯರಿಂಗ್ ಪದವಿ ಇದ್ದರೆ ಕಾರ್ಖಾನೆಯಲ್ಲಿ ಮೇಲ್ವಿಚಾರಕ ಹುದ್ದೆಯಲ್ಲಿ 2 ವರ್ಷ, ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಪದವಿ, ಇಲ್ಲವೇ ಎಂಜಿನಿಯರಿಂಗ್ ಡಿಪ್ಲೊಮಾ ಇದ್ದರೆ 5 ವರ್ಷ. ಎರಡು, ಮೇಲೆ ಹೇಳಿದ ಮಾನ್ಯತೆ ಪಡೆದ ಸೇಫ್ಟಿ ಪದವಿ ಅಥವಾ ಡಿಪ್ಲೊಮಾ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಆ ಪ್ರದೇಶದ ಬಹುಪಾಲು ಕಾರ್ಮಿಕರು ಆಡುವ ಭಾಷೆಯ ಜ್ಞಾನ. ಹಾಸನದ ಗಾರ್ಮೆಂಟ್ಸ್‌ನಲ್ಲೋ ಹುಬ್ಬಳ್ಳಿಯ ಫೌಂಡ್ರಿಯಲ್ಲೋ ಕನ್ನಡ ಬಲ್ಲವರಿಗೆ ಅದು ಬರಿಯ ಅನುಕೂಲವಲ್ಲ, ಅರ್ಹತೆಯ ಭಾಗ.

ಅರ್ಜಿಗಳು ಮುಗ್ಗರಿಸುವುದು ಹೆಚ್ಚಾಗಿ ಅನುಭವ ಪತ್ರದಲ್ಲಿ. ‘ಎಂಜಿನಿಯರ್ ಆಗಿ ಕೆಲಸ ಮಾಡಿದ್ದಾರೆ’ ಎಂದಷ್ಟೇ ಇದ್ದರೆ ಮೇಲ್ವಿಚಾರಣೆ ಎಲ್ಲಿ ಎಂದು ಕೇಳುತ್ತಾರೆ. ಪತ್ರದಲ್ಲಿ ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ವಿಭಾಗ, ಕೈಕೆಳಗಿದ್ದ ಕಾರ್ಮಿಕರ ಸಂಖ್ಯೆ, ಕಾರ್ಖಾನೆಯ ಪರವಾನಗಿ ಸಂಖ್ಯೆ ಇರಲಿ. ಆ ಕಂಪನಿ ಬಿಡುವ ದಿನವೇ ಇದನ್ನು ಬರೆಸಿಕೊಳ್ಳಿ. ಐದು ವರ್ಷದ ನಂತರ ಹೋದರೆ ಎಚ್‌.ಆರ್‌.ನಲ್ಲಿ ನಿಮ್ಮನ್ನು ಕಂಡವರೇ ಇರುವುದಿಲ್ಲ.

ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಏನು ಬದಲಾಯಿತು?

1948ರ ಕಾರ್ಖಾನೆಗಳ ಕಾಯಿದೆಯ 40ಬಿ ಕಲಂ ಪ್ರಕಾರ 1000 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ, ಇಲ್ಲವೇ ಅಪಾಯ ಹೆಚ್ಚೆಂದು ಸರ್ಕಾರ ಕಂಡಲ್ಲಿ ಸೇಫ್ಟಿ ಆಫೀಸರ್ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಮಿತಿಯನ್ನು ಇಳಿಸಿದೆ: ಸಾಮಾನ್ಯ ಕಾರ್ಖಾನೆಗೆ 500, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗೆ 250, ಕಟ್ಟಡ ಕಾಮಗಾರಿಗೆ 250, ಗಣಿಗೆ 100. ಅಂದರೆ ಹುದ್ದೆಗಳು ಹೆಚ್ಚುವ ದಿಕ್ಕು. ಕೋರ್ಸಿನ ಪುಸ್ತಕಗಳು ಬಹುತೇಕ ಹಳೆಯ ಕಾಯಿದೆಯ ಕಲಂಗಳಲ್ಲೇ ಮಾತಾಡುತ್ತವೆ. ಪರೀಕ್ಷೆಗೆ ಅವೂ ಬೇಕು. ಹಾಗಾಗಿ ಎರಡು ಕಾಲಂ ಮಾಡಿ, ಹಳೆಯ ಕಲಂ ಎದುರಿಗೆ ಸಂಹಿತೆಯ ಕಲಂ ಬರೆದಿಟ್ಟುಕೊಳ್ಳಿ. ಅರ್ಹತೆಯ ವಿಷಯಕ್ಕೆ ಮಾತ್ರ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯಲ್ಲಿ ಈಗ ಜಾರಿಯಲ್ಲಿರುವ ನಿಯಮ ಕೇಳಿಯೇ ಮುಂದುವರಿಯಿರಿ.

ದೂರಶಿಕ್ಷಣದಲ್ಲಿ ಎಂ.ಟೆಕ್ ಸೇಫ್ಟಿ ಮಾಡಬಹುದೇ?

ಬೇಡ. ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2017ರಲ್ಲೇ ಕಠಿಣ ತೀರ್ಪು ಕೊಟ್ಟಿದೆ. ಯುಜಿಸಿಯ 2020ರ ನಿಯಮಗಳೂ ಎಂಜಿನಿಯರಿಂಗನ್ನು ದೂರಶಿಕ್ಷಣದ ಹೊರಗೆ ಇಟ್ಟಿವೆ. ಎಂಜಿನಿಯರಿಂಗ್ ಅಲ್ಲದ ಪಿ.ಜಿ. ಡಿಪ್ಲೊಮಾ ಅಥವಾ ಎಂ.ಎಸ್ಸಿ. ಆದರೆ ಪರವಾಗಿಲ್ಲ. ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ಆ ಕೋರ್ಸಿನ ಹೆಸರು, ನೀವು ಸೇರುವ ವರ್ಷ ಎರಡೂ ಇವೆಯೇ ನೋಡಿ. ‘ಒಂದೇ ಸಿಟ್ಟಿಂಗ್‌ನಲ್ಲಿ ಡಿಪ್ಲೊಮಾ’, ‘ಹಿಂದಿನ ವರ್ಷದ ದಿನಾಂಕಕ್ಕೆ ಸರ್ಟಿಫಿಕೇಟ್’ ಎಂಬ ಮಾತು ಬಂದರೆ ಅಲ್ಲಿಗೇ ಫೋನ್ ಇಡಿ.

ನಾನು ಬಿ.ಕಾಂ. ಓದಿದವನು. ಸೇಫ್ಟಿ ಓದಬಹುದೇ?

ಓದಬಹುದು, ಪದವಿ ಇದ್ದವರಿಗೆಲ್ಲ ಬಾಗಿಲು ತೆರೆದಿರುವ ಡಿಪ್ಲೊಮಾಗಳು ಇವೆ, ನೆಬಾಷ್‌ಗೂ ತಡೆ ಇಲ್ಲ. ಆದರೆ ಕಾನೂನಿನ ಸೇಫ್ಟಿ ಆಫೀಸರ್ ಹುದ್ದೆಗೆ ಮೇಲಿನ ಮೊದಲ ಅರ್ಹತೆ ಇಲ್ಲವಾದ್ದರಿಂದ ಆ ದಾರಿ ಮುಚ್ಚಿದೆ. ಆಡಿಟ್, ತರಬೇತಿ, ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ದಾಖಲೆಗಳ ಕೆಲಸ, ವೇರ್‌ಹೌಸ್ ಸೇಫ್ಟಿ ಕಡೆ ಹೋಗಬಹುದು.

ಡಾಕ್ಟರುಗಳಿಗೆ?

ಎಂ.ಬಿ.ಬಿ.ಎಸ್. ಆದವರಿಗೆ ಅಸೋಸಿಯೇಟ್ ಫೆಲೋ ಆಫ್ ಇಂಡಸ್ಟ್ರಿಯಲ್ ಹೆಲ್ತ್, ಅಂದರೆ ಎಎಫ್‌ಐಎಚ್ ಇದೆ, 3 ತಿಂಗಳ ಕೋರ್ಸ್. ಕಾರ್ಖಾನೆಯ ವೈದ್ಯಾಧಿಕಾರಿ ಹುದ್ದೆಗೆ ಇದನ್ನೇ ಕೇಳುತ್ತಾರೆ. ಔದ್ಯೋಗಿಕ ಆರೋಗ್ಯದ ಸಂಶೋಧನೆಯಲ್ಲಿ ಆಸಕ್ತಿ ಇದ್ದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಗಲ್ಫ್‌ನಲ್ಲಿದ್ದುಕೊಂಡು ಬ್ರಿಟಿಷ್ ಎಂ.ಎಸ್ಸಿ. ಆನ್‌ಲೈನ್‌ನಲ್ಲಿ ಮಾಡಿದರೆ ಊರಿಗೆ ಬಂದ ಮೇಲೆ ನಡೆಯುತ್ತದೆಯೇ?

ಖಾಸಗಿ ಕಂಪನಿಗಳಲ್ಲಿ ನಡೆಯುತ್ತದೆ, ಬಹುರಾಷ್ಟ್ರೀಯ ಕಂಪನಿಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಸರ್ಕಾರಿ ನೌಕರಿಗೋ, ಇಲ್ಲಿ ಪಿಎಚ್‌.ಡಿ.ಗೋ, ಸೇಫ್ಟಿ ಆಫೀಸರ್ ಹುದ್ದೆಗೋ ಅದು ತಾನಾಗಿ ಸಮಾನ ಎಂದು ಎಣಿಸಬೇಡಿ. ಮನೆಯಲ್ಲೇ ಕೂತು ಪಡೆದ ವಿದೇಶಿ ಪದವಿಗೆ ಸಮಾನತೆ ಸಿಗುವುದು ಕಷ್ಟ. ಊರಿಗೆ ಮರಳುವ ಯೋಚನೆ ಇದ್ದರೆ ಎಡಿಐಎಸ್ ಥರದ್ದೊಂದನ್ನು ಜೊತೆಗೆ ಇಟ್ಟುಕೊಳ್ಳುವುದು ಜಾಣತನ.

ವಾರಕ್ಕೆ ಎಷ್ಟು ಗಂಟೆ ಬೇಕು? ನನ್ನದು ಶಿಫ್ಟ್ ಕೆಲಸ.

ಗುಣಾಕಾರ ಮಾಡಿ ನೋಡಿ. ಬ್ರಿಟಿಷ್ ಎಂ.ಎಸ್ಸಿ. 180 ಕ್ರೆಡಿಟ್, ಒಂದಕ್ಕೆ 10 ಗಂಟೆಯಂತೆ 1800 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ 17 ಗಂಟೆ, ಮೂರು ವರ್ಷಕ್ಕಾದರೆ 11–12. ಇಗ್ನೊ ಲೆಕ್ಕದಲ್ಲಿ ಒಂದು ಕ್ರೆಡಿಟ್ಟಿಗೆ 30 ಗಂಟೆ. 32 ಕ್ರೆಡಿಟ್ಟಿನ ಡಿಪ್ಲೊಮಾ ಆದರೆ 960 ಗಂಟೆ, ಒಂದೇ ವರ್ಷದಲ್ಲಿ ಮುಗಿಸಲು ವಾರಕ್ಕೆ 18ಕ್ಕೂ ಮೇಲೆ. ಓವರ್‌ಟೈಮ್ ಮಾಡುವ ಮನುಷ್ಯನಿಗೆ ಇದು ಆಗದ ಮಾತು. ಅವಧಿ ಆಯ್ಕೆ ಇದ್ದರೆ ಉದ್ದದ್ದನ್ನೇ ಆರಿಸಿಕೊಳ್ಳಿ.

ಶಿಫ್ಟಿನವರು ದಿನಕ್ಕಿಷ್ಟು ಎಂದು ಟೈಮ್‌ಟೇಬಲ್ ಹಾಕಿದರೆ ಎರಡೇ ವಾರಕ್ಕೆ ಮುರಿಯುತ್ತದೆ. ಟೈಮ್‌ಟೇಬಲ್ ಶಿಫ್ಟಿನ ಜೊತೆ ತಿರುಗಬೇಕು. ಸೆಕೆಂಡ್ ಶಿಫ್ಟ್ ವಾರ ಚಿನ್ನದಂಥದ್ದು: ಬೆಳಗ್ಗೆ 8ರಿಂದ 11ರವರೆಗೆ ತಲೆ ಚುರುಕಾಗಿರುತ್ತದೆ, ಬರೆಯುವ ಕೆಲಸವೆಲ್ಲ ಆಗ. ಫಸ್ಟ್ ಶಿಫ್ಟ್ ವಾರದಲ್ಲಿ ಮನೆಗೆ ಬಂದು ಅರ್ಧ ಗಂಟೆ ಮಲಗಿ, ಸಂಜೆ ಎರಡು ಗಂಟೆ ಓದು. ನೈಟ್ ಶಿಫ್ಟ್ ವಾರದಲ್ಲಿ ಲೆಕ್ಕ, ಬರಹ ಎರಡನ್ನೂ ಮುಟ್ಟಬೇಡಿ. ರೆಕಾರ್ಡ್ ಆದ ಪಾಠ ಕೇಳಿಸಿಕೊಂಡರೆ ಸಾಕು. ನೈಟ್ ಮುಗಿಸಿ ಬೈಕಿನಲ್ಲಿ ನೇರ ಕಾಂಟ್ಯಾಕ್ಟ್ ಕ್ಲಾಸಿಗೆ ಹೊರಡುವವರಿದ್ದಾರೆ. ಆಯಾಸದ ಅಪಾಯವನ್ನೇ ಓದಲು ಹೊರಟವರು ಹಾಗೆ ಮಾಡಬಾರದು.

ಕಂಪನಿ ಫೀಸ್ ಕೊಡುತ್ತದಂತೆ, ಬಾಂಡ್ ಕೇಳುತ್ತಿದ್ದಾರೆ.

ಬಾಂಡಿನಲ್ಲಿ ಮೂರು ವಿಷಯ ಹುಡುಕಿ: ಅವಧಿ ಶುರುವಾಗುವುದು ಸೇರಿದ ದಿನದಿಂದಲೋ ಮುಗಿದ ದಿನದಿಂದಲೋ; ಮಧ್ಯೆ ಬಿಟ್ಟರೆ ಪೂರ್ತಿ ಹಣವೋ ಉಳಿದ ತಿಂಗಳ ಲೆಕ್ಕವೋ; ಫೇಲಾದರೆ ಏನು. ಪರೀಕ್ಷೆ ಮತ್ತು ಕಾಂಟ್ಯಾಕ್ಟ್ ಕ್ಲಾಸಿನ ರಜೆ ‘ಆನ್ ಡ್ಯೂಟಿ’ಯೋ ಸ್ವಂತ ರಜೆಯೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಮ್ಯಾನೇಜರ್ ಬಾಯಿಮಾತಿಗೆ ಹೇಳಿದ್ದು ಅವರ ವರ್ಗಾವಣೆಯ ಜೊತೆಗೇ ಹೋಗುತ್ತದೆ.

ಪುಸ್ತಕದ ಲೆಕ್ಕಕ್ಕೂ ನಮ್ಮ ಕಾರ್ಖಾನೆಯ ಬೋರ್ಡಿಗೂ ತಾಳೆ ಆಗುವುದಿಲ್ಲ. ಯಾವುದು ಸರಿ?

ಎರಡೂ ಸರಿ, ಮೂಲ ಬೇರೆ. ಕೆಲಸದಲ್ಲಿರುವ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವುದು ಇಲ್ಲೇ ಹೆಚ್ಚು, ಆದ್ದರಿಂದ ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ.

ಪ್ರೆಸ್ ಶಾಪಿನಲ್ಲಿ ಒಬ್ಬರು 95 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 4 ಗಂಟೆ ನಿಲ್ಲುತ್ತಾರೆ, ಉಳಿದ 4 ಗಂಟೆ ಸದ್ದಿಲ್ಲದ ಪ್ಯಾಕಿಂಗ್‌ನಲ್ಲಿ. ನಮ್ಮ ಕಾರ್ಖಾನೆ ನಿಯಮಗಳ ಕೋಷ್ಟಕ 8 ಗಂಟೆಗೆ 90 ಡೆಸಿಬೆಲ್ ಇಟ್ಟುಕೊಂಡು, ಪ್ರತಿ 5 ಡೆಸಿಬೆಲ್ ಏರಿದಾಗ ಸಮಯವನ್ನು ಅರ್ಧ ಮಾಡುತ್ತದೆ. 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ. ಅಂದರೆ ಈ ವ್ಯಕ್ತಿ ಸರಿಯಾಗಿ ಮಿತಿಯ ಮೇಲೆ ನಿಂತಿದ್ದಾರೆ, ಡೋಸ್, ಅಂದರೆ ದಿನಕ್ಕೆ ಒಪ್ಪಿದ ಸದ್ದಿನಲ್ಲಿ ಅವರಿಗೆ ತಗುಲಿದ ಪಾಲು, ಶೇ 100.

ಬ್ರಿಟನ್ನಿನಲ್ಲಿ ಸದ್ದಿನ ಶಕ್ತಿಯನ್ನೇ ಎಣಿಸುತ್ತಾರೆ, 3 ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿ. 95 ಡೆಸಿಬೆಲ್ 4 ಗಂಟೆ ಅಂದರೆ 8 ಗಂಟೆಯ ಸರಾಸರಿಯಲ್ಲಿ 92. ಅಲ್ಲಿ ಮೇಲಿನ ಕ್ರಮಮಟ್ಟ (ಮಾಲೀಕರು ಕ್ರಮ ಕೈಗೊಳ್ಳಲೇಬೇಕಾದ ಮಟ್ಟ) 85, ಇಯರ್‌ಪ್ಲಗ್ಗಿನ ರಕ್ಷಣೆ ಕಳೆದ ಮೇಲೂ ದಾಟಬಾರದ ಮಿತಿ 87. ಹಾಗಾಗಿ ಇಯರ್‌ಪ್ಲಗ್ ಇಲ್ಲದೆ ಅದೇ ವ್ಯಕ್ತಿ ಅಲ್ಲಿ ಮಿತಿಗಿಂತ ಬಹಳ ಮೇಲೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಷ್ ಸಲಹೆಯಂತೆ 85ರಿಂದ ಎಣಿಸಿದರೆ 95 ಡೆಸಿಬೆಲ್ಲಿನಲ್ಲಿ ಅವರು ಇರಬಹುದಾದದ್ದು 48 ನಿಮಿಷ ಕೂಡ ಅಲ್ಲ.

ಉತ್ತರಪತ್ರಿಕೆಯಲ್ಲಿ ಮೊದಲು ಯಾವ ಮಾನದಂಡ ಎಂದು ಬರೆದು, ಆಮೇಲೆ ಅಂಕಿ ಹಾಕಿ. ಕಾನೂನಿನ ಮಿತಿಯೊಳಗಿದ್ದರೂ ಕಿವಿ ಹಾಳಾಗಬಹುದು ಎಂಬ ಒಂದು ವಾಕ್ಯ ಸೇರಿಸಿದರೆ ಸ್ನಾತಕೋತ್ತರ ಮಟ್ಟದ ಉತ್ತರ ಆಯಿತು.

ಅಪಘಾತದ ದರದಲ್ಲೂ ಇದೇ ಕಥೆ. 400 ಜನ, ವರ್ಷಕ್ಕೆ ತಲಾ 2400 ಗಂಟೆ, ಒಟ್ಟು 9.6 ಲಕ್ಷ ಗಂಟೆ. ಕೆಲಸ ತಪ್ಪಿಸಿದ ಅಪಘಾತ 3. ಭಾರತೀಯ ಮಾನಕ ಐಎಸ್ 3786ರಂತೆ 10 ಲಕ್ಷ ಗಂಟೆಗೆ ಎಣಿಸಿದರೆ 3.1; ಅಮೆರಿಕದ 2 ಲಕ್ಷ ಗಂಟೆಯ ಲೆಕ್ಕದಲ್ಲಿ 0.6. ಇದಕ್ಕಿಂತ ದೊಡ್ಡ ತಪ್ಪು ಕಾಂಟ್ರ್ಯಾಕ್ಟ್ ಕಾರ್ಮಿಕರದ್ದು: ಭಾಗಾಕಾರದಲ್ಲಿ ಅವರ ಗಂಟೆಗಳನ್ನು ಕೆಳಗೆ ಸೇರಿಸಿ, ಮೇಲಿನ ಎಣಿಕೆಯಲ್ಲಿ ಅವರ ಅಪಘಾತಗಳನ್ನು ಬಿಟ್ಟುಬಿಡುವುದು. ಅಂಕಿ ಚೆಂದ ಕಾಣುತ್ತದೆ, ಆದರೆ ಸುಳ್ಳು.

ನನ್ನ ಕೆಲಸದ ಜಾಗವನ್ನೇ ಅಸೈನ್‌ಮೆಂಟಿಗೆ ಬಳಸಬಹುದೇ?

ಬಳಸಲೇಬೇಕು, ಕೆಲಸದಲ್ಲಿರುವವರಿಗೆ ಇರುವ ದೊಡ್ಡ ಲಾಭವೇ ಅದು. ಮೂಟೆ ಎತ್ತುವುದನ್ನು ತೆಗೆದುಕೊಳ್ಳಿ. ಟೇಪ್ ಹಿಡಿದು ಅಳೆಯಿರಿ: ಮೂಟೆ ಹಿಡಿದ ಕೈ ಎರಡೂ ಪಾದದ ಗಂಟುಗಳ ನಡುವಿನಿಂದ 50 ಸೆಂ.ಮೀ. ಮುಂದೆ, ನೆಲದಿಂದ 15 ಸೆಂ.ಮೀ. ಎತ್ತರದಲ್ಲಿ, 60 ಸೆಂ.ಮೀ. ಮೇಲಕ್ಕೆ ಎತ್ತಬೇಕು, ನಿಮಿಷಕ್ಕೆ ಒಂದು, ಪೂರ್ತಿ ಶಿಫ್ಟ್, ಹಿಡಿ ಇಲ್ಲದ ಚೀಲ. ನಿಯೋಷ್ ಸಮೀಕರಣದಲ್ಲಿ 23 ಕಿಲೊದಿಂದ ಶುರು ಮಾಡಿ, ಮೇಲಿನ ಅಳತೆಗಳಿಗೆ (ಮುಂದಿನ ದೂರ, ನೆಲದಿಂದ ಎತ್ತರ, ಎತ್ತುವ ಅಂತರ, ಎತ್ತುವ ಸಲ, ಹಿಡಿ) ಸಿಗುವ ಗುಣಕಗಳಿಂದ ಅದೇ ಕ್ರಮದಲ್ಲಿ ಗುಣಿಸುತ್ತಾ ಹೋದರೆ, 23 × 0.5 × 0.82 × 0.895 × 0.75 × 0.90, ಬರುವುದು 5.7 ಕಿಲೊ. ಚೀಲ 50 ಕಿಲೊ. ಭಾಗಿಸಿದರೆ ಸೂಚ್ಯಂಕ 8.8, ಅದು 1 ದಾಟಿದರೇ ಯೋಚಿಸಬೇಕು ಎನ್ನುತ್ತದೆ ಈ ವಿಧಾನ.

‘ಕಾರ್ಮಿಕರಿಗೆ ಸರಿಯಾಗಿ ಎತ್ತುವ ತರಬೇತಿ ಕೊಡಬೇಕು’ ಎಂದು ಇಲ್ಲಿ ಬರೆದು ಮುಗಿಸಿದವರಿಗೆ ಅಂಕ ಸಿಗುವುದಿಲ್ಲ. ಗುಣಕಗಳನ್ನೇ ನೋಡಿ, ಎಲ್ಲಿ ಹೆಚ್ಚು ಸೋರಿದೆ? 0.5ರಲ್ಲಿ. ಮೂಟೆ ಮೈಯಿಂದ ದೂರ ಇದೆ. ಅಡ್ಡ ಬಂದಿರುವ ಪ್ಯಾಲೆಟ್ಟಿನ ಅಂಚನ್ನು ಸರಿಸಿ 25 ಸೆಂ.ಮೀ.ಗೆ ತಂದರೆ ಆ ಗುಣಕ 1 ಆಗುತ್ತದೆ, ಮಿತಿ ಎರಡು ಪಟ್ಟು. ಆಗಲೂ 11.4 ಕಿಲೊ ಮಾತ್ರ. ಆದ್ದರಿಂದ ಉಳಿದ ದಾರಿ ಹಾಯ್ಸ್ಟ್ (ಭಾರ ಎತ್ತುವ ಯಂತ್ರ) ಹಾಕುವುದು ಅಥವಾ ಚೀಲದ ಗಾತ್ರ ಇಳಿಸುವುದು. ಹೀಗೆ ಅಳತೆಯಿಂದ ಹುಟ್ಟಿದ ಶಿಫಾರಸನ್ನು ಪ್ಲಾಂಟ್ ಮ್ಯಾನೇಜರ್ ಕೂಡ ತಳ್ಳಿಹಾಕಲಾರರು.

ಅನುಮತಿ ಪತ್ರ ಮಾತ್ರ ಮೊದಲೇ ಇರಲಿ. ಕಂಪನಿಯ ಹೆಸರು, ಯಂತ್ರದ ಬ್ರ್ಯಾಂಡ್, ಮುಖಗಳು ಫೋಟೊದಲ್ಲಿ ಕಾಣಬಾರದು. ಅಪಘಾತದ ರಿಜಿಸ್ಟರಿನಿಂದ ಹೆಸರು ತೆಗೆದು ಸಂಖ್ಯೆ ಹಾಕಿ.

ಪ್ರಬಂಧಕ್ಕೆ ಎಂಥ ವಿಷಯ ಆರಿಸಲಿ?

ನಿಮ್ಮ ಕೈಗೆ ಎಟುಕುವ ಜನ, ಎಟುಕುವ ಉಪಕರಣ, ಆರು ತಿಂಗಳಲ್ಲಿ ಮುಗಿಯುವ ಅಳತೆ: ಈ ಮೂರೂ ಇರುವಂಥದ್ದು. ‘ಕರ್ನಾಟಕದ ಕೈಗಾರಿಕೆಗಳಲ್ಲಿ ಸುರಕ್ಷತಾ ಸಂಸ್ಕೃತಿ’ ಬೇಡ. ‘ಒಂದು ಫೌಂಡ್ರಿಯ ಫೆಟ್ಲಿಂಗ್ (ಎರಕವನ್ನು ಉಜ್ಜಿ ಸ್ವಚ್ಛ ಮಾಡುವ) ವಿಭಾಗದಲ್ಲಿ ಉಸಿರಿಗೆ ಹೋಗುವ ಸಿಲಿಕಾ’ ಆಗಬಹುದು. ಸಮೀಕ್ಷೆಯಾದರೆ ಎಷ್ಟು ಜನ ಬೇಕೆಂದು ಮೊದಲೇ ಲೆಕ್ಕ ಹಾಕಿ: ನೋವು ಶೇ 30 ಮಂದಿಗೆ ಇರಬಹುದೆಂದು ಅಂದಾಜಿಟ್ಟು, ಆಚೆ ಈಚೆ ಶೇ 5ರ ತಪ್ಪು ಒಪ್ಪಿದರೆ 336 ಜನ ಬೇಕು, ಶೇ 10 ಒಪ್ಪಿದರೆ 84. ನಿಮ್ಮಲ್ಲಿ ಇರುವುದೇ 120 ಜನವಾದರೆ ಎಲ್ಲರನ್ನೂ ಕೇಳಿಬಿಡಿ.

ಧೂಳಿನ ಮಾದರಿ ತೆಗೆಯುವವರು ಪಂಪನ್ನು ಮೊದಲು ಮತ್ತು ಕೊನೆಗೆ, ಎರಡು ಸಲ ಕ್ಯಾಲಿಬ್ರೇಟ್ ಮಾಡಬೇಕು. ಎರಡರ ನಡುವೆ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಮಾದರಿ ಕೈಬಿಡಿ. ದಪ್ಪ ಧೂಳನ್ನು ಬೇರ್ಪಡಿಸಿ ಸಣ್ಣದನ್ನಷ್ಟೇ ಫಿಲ್ಟರಿಗೆ ಬಿಡುವ 10 ಮಿ.ಮೀ. ನೈಲಾನ್ ಸೈಕ್ಲೋನಿಗೆ ನಿಮಿಷಕ್ಕೆ 1.7 ಲೀಟರ್, 8 ಗಂಟೆಗೆ 816 ಲೀಟರ್ ಗಾಳಿ ಆಯಿತು. ಸೈಕ್ಲೋನನ್ನು ತಲೆಕೆಳಗು ಮಾಡಿದರೆ ಕೆಳಗಿನ ದಪ್ಪ ಧೂಳೆಲ್ಲ ಫಿಲ್ಟರಿಗೆ ಬೀಳುತ್ತದೆ, ಇಡೀ ದಿನ ವ್ಯರ್ಥ. ಊಟಕ್ಕೆ ಹೋಗುವ ಕಾರ್ಮಿಕರು ಬೆಲ್ಟ್ ಬಿಚ್ಚಿ ಮೇಜಿನ ಮೇಲೆ ಮಲಗಿಸುವ ಹೊತ್ತಿನಲ್ಲೇ ಇದು ಆಗುವುದು.

ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದರೆ ಸಾಕೇ?

ತರುವುದು ಹೇಗೆ ಅನ್ನುವುದೇ ಪ್ರಶ್ನೆ. ಮೈಕೈ ನೋವಿಗೆ ಬಳಸುವ ನಾರ್ಡಿಕ್ ಪ್ರಶ್ನಾವಳಿ ದೇಹವನ್ನು 9 ಭಾಗ ಮಾಡಿ, ಕಳೆದ 12 ತಿಂಗಳು ಮತ್ತು ಕಳೆದ 7 ದಿನದ ನೋವು ಕೇಳುತ್ತದೆ. ಬೆನ್ನಿನ ಕೆಳಭಾಗಕ್ಕೆ ‘ಕೆಳ ಬೆನ್ನು’ ಎಂದು ಬರೆದರೆ ಲೈನಿನಲ್ಲಿರುವವರು ಮುಖ ನೋಡುತ್ತಾರೆ. ಅವರ ಮಾತು ‘ಸೊಂಟ’. ಆದರೆ ‘ಸೊಂಟ’ ಎಂದು ಬರೆದರೆ ಮುಂದಿನ ಪ್ರಶ್ನೆಯ ನಿತಂಬ, ತೊಡೆ ಸಂದಿನ ನೋವೂ ಅದರೊಳಗೆ ಸೇರಿಕೊಳ್ಳುತ್ತದೆ. ‘ಕೈ ನೋವು’ ಅಂದರೆ ಬೆರಳಿಂದ ಭುಜದವರೆಗೆ ಏನೂ ಆಗಬಹುದು. ಪ್ರಶ್ನೆಯ ಪಕ್ಕ ಮನುಷ್ಯನ ಹಿಂಬದಿಯ ಚಿತ್ರ ಹಾಕಿ, ಭಾಗಗಳಿಗೆ ಗೆರೆ ಎಳೆದು, ಬೆರಳಿಟ್ಟು ತೋರಿಸಲು ಹೇಳಿ. ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿ, ಹತ್ತು ಜನರ ಮೇಲೆ ಪರೀಕ್ಷಿಸಿ.

ಇನ್ನೊಂದು ತೊಡಕು: ಹಜಾರ್ಡ್, ರಿಸ್ಕ್ ಎರಡಕ್ಕೂ ನಾವು ‘ಅಪಾಯ’ ಎನ್ನುತ್ತೇವೆ. ತೆರೆದ ಗೇರ್ ಹಜಾರ್ಡ್. ಅದಕ್ಕೆ ಕೈ ಸಿಕ್ಕಿಕೊಳ್ಳುವ ಸಂಭವ, ಸಿಕ್ಕರೆ ಆಗುವ ಗಾಯ ಸೇರಿದರೆ ರಿಸ್ಕ್. ಕನ್ನಡದಲ್ಲಿ ತರಬೇತಿ ಕೊಡುವಾಗ ಈ ಎರಡು ಇಂಗ್ಲಿಷ್ ಪದಗಳನ್ನೇ ಉಳಿಸಿಕೊಳ್ಳುವುದು ವಾಸಿ; ಶಾಪ್‌ಫ್ಲೋರಿನಲ್ಲಿ ಅವು ಆಗಲೇ ಓಡಾಡುತ್ತಿವೆ.

ನೈತಿಕ ಸಮಿತಿಯ ಒಪ್ಪಿಗೆ, ಕನ್ನಡದ ಸಮ್ಮತಿ ಪತ್ರ ಎರಡೂ ಬೇಕು. ಫಾರಂಗಳನ್ನು ಎಚ್‌.ಆರ್. ಕೈಯಲ್ಲಿ ಹಂಚಿಸಬೇಡಿ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದರೆ ಯಾರಿಗೂ ನೋವೇ ಇರುವುದಿಲ್ಲ.

ತೆರೆದ ಪುಸ್ತಕದ ಪರೀಕ್ಷೆ ಸುಲಭವಂತೆ?

ನೆಬಾಷ್ ಜನರಲ್ ಸರ್ಟಿಫಿಕೇಟಿನ ಮೊದಲ ಭಾಗ ಹಾಗೆ ನಡೆಯುತ್ತದೆ: ಒಂದು ಸನ್ನಿವೇಶ ಕೊಟ್ಟು 24 ಗಂಟೆ ಅವಕಾಶ, ಆಮೇಲೆ ನೀವೇ ಬರೆದದ್ದೆಂದು ಖಚಿತಪಡಿಸಲು ಸಣ್ಣ ಸಂದರ್ಶನ. ಪುಸ್ತಕದಲ್ಲಿರುವುದನ್ನು ಇಳಿಸಿದರೆ ಫೇಲು. ಪ್ರತಿ ಅಂಶಕ್ಕೂ ಸನ್ನಿವೇಶದೊಳಗಿನ ಒಂದು ಸಾಕ್ಷಿ ಬೇಕು: ‘ಮೇಲ್ವಿಚಾರಣೆ ಸರಿಯಿಲ್ಲ’ ಎಂದರೆ ಸಾಲದು, ‘ಸೂಪರ್‌ವೈಸರ್ ರಜೆಯಲ್ಲಿದ್ದ ದಿನ ಬದಲಿಗೆ ಯಾರನ್ನೂ ಹಾಕಿರಲಿಲ್ಲ’ ಎಂದು ಬರೆಯಬೇಕು.

ಓದಿಗಾಗಿ ಅಳೆಯುವಾಗ ನಿಜವಾದ ಗಂಡಾಂತರ ಕಂಡರೆ?

ಪ್ರಬಂಧ ಮುಗಿಯಲಿ ಎಂದು ಕಾಯಬೇಡಿ. ಇಟಿಪಿ (ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಿಸುವ ಘಟಕ) ಟ್ಯಾಂಕಿನ ಬಾಯಲ್ಲಿ ಗ್ಯಾಸ್ ಮೀಟರ್ ಸರಿ ತೋರಿಸಿ, ಹಗ್ಗ ಕಟ್ಟಿ ತಳಕ್ಕೆ ಇಳಿಸಿದಾಗ ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ದಾಟಿದರೆ, ಇಲ್ಲವೇ ಆಮ್ಲಜನಕ ಶೇ 19.5ಕ್ಕಿಂತ ಇಳಿದರೆ, ಅಲ್ಲಿಗೆ ಇಳಿಯುವುದನ್ನು ಆ ಗಳಿಗೆಯೇ ನಿಲ್ಲಿಸಿ ಬರಹದಲ್ಲಿ ತಿಳಿಸಬೇಕು. ಈ ಅನಿಲ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಪ್ರಮಾಣ 100 ಪಿಪಿಎಂ ಸುತ್ತ ಹೋದರೆ ಮೂಗಿಗೆ ವಾಸನೆಯೇ ತಿಳಿಯದಾಗುತ್ತದೆ. ಆದ್ದರಿಂದ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಿರಿ, ಪ್ರತಿ ಕಡೆ ಮೀಟರಿನ ಅಂಕಿ ನಿಲ್ಲುವ ತನಕ ಕಾಯಿರಿ. ಮೀಟರನ್ನು ಇಳಿಸದೆ ಕೊಳವೆಯಿಂದ ಗಾಳಿ ಎಳೆದು ಅಳೆಯುವುದಾದರೆ, ಕೊಳವೆ ಉದ್ದವಿದ್ದಷ್ಟೂ ಗಾಳಿ ಮೀಟರಿಗೆ ತಲುಪುವುದು ತಡ.